ತುಳಸಿ ಕಟ್ಟಿಕೊಂಡು ಬೀದರ್‌ಗೆ

ಬೀದರಿನಲ್ಲಿ ಕೋಟೆ ನೋಡಿದೆ, ಗವಾನ್ ಮದರಸಾ ನೋಡಿದೆ. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಬೇಕು ಅಂತ ಕೂತಿದ್ದು ಹುಮನಾಬಾದ್ ಹತ್ತಿರದ ಒಂದು ಹೊಲದ ಬಗ್ಗೆ.

ಎತ್ತರಕ್ಕೆ ಹೋದಷ್ಟೂ ಗಿಡದ ಘಮ ಜಾಸ್ತಿ ಅಂತ ಎಲ್ಲೋ ಓದಿದ್ದೆ, ಅದೇ ತಲೆಯಲ್ಲಿ ಕೊರೆಯುತ್ತಿತ್ತು. ನಮ್ಮ ಯಾದಗಿರಿ ಸಮುದ್ರಮಟ್ಟದಿಂದ ಸುಮಾರು 400 ಮೀಟರ್, ಬೀದರ್ ಕಡೆ 650ರ ಆಸುಪಾಸು. ಹಾಗಾದರೆ ಆ ಕಡೆಯ ತುಳಸಿ ನಮ್ಮ ಅಂಗಳದ ತುಳಸಿಯನ್ನು ಸೋಲಿಸಬೇಕು, ಅಲ್ವಾ? ಪಕ್ಕಪಕ್ಕ ಇಟ್ಟು ಮೂಸಿಯೇ ಬಿಡೋಣ ಅಂತ ಬೆಳಗ್ಗೆ ಒಂದು ಹಿಡಿ ಎಲೆ ಕಿತ್ತು, ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಗಂಟು ಹಾಕಿದೆ.

ಎಂಥ ದಡ್ಡತನ! ಏಪ್ರಿಲ್ ಬಿಸಿಲು. ಕಲಬುರಗಿಯಲ್ಲಿ ಎರಡು ತಾಸು ರೈಲಿಗೆ ಕಾದು, ಮರಗುತ್ತಿ ಸುರಂಗ ದಾಟಿ, ಹುಮನಾಬಾದಿನಲ್ಲಿ ಇಳಿದು ಚೀಲ ಬಿಚ್ಚಿದರೆ ಎಲೆ ಬೆಂದು ಕಪ್ಪಾಗಿತ್ತು. ಹಳಸಿದ ಪಲ್ಯದ ವಾಸನೆ. ಸೊಪ್ಪು ಒಯ್ಯುವವರು ದಯವಿಟ್ಟು ಪೇಪರಿನಲ್ಲಿ ಸುತ್ತಿ, ಗಾಳಿ ಆಡಲಿ.

ಗೆಳೆಯನ ಕಾಕಾ ಅರ್ಧ ಎಕರೆ ಮಜ್ಜಿಗೆ ಹುಲ್ಲು, ಅಂದರೆ ನಿಂಬೆ ವಾಸನೆಯ ಲೆಮನ್‌ಗ್ರಾಸ್, ಹಾಕಿದ್ದಾರೆ. ಹುಲ್ಲನ್ನು ದೊಡ್ಡ ಹಂಡೆಗೆ ತುಂಬಿ, ಹಬೆ ಹಾಯಿಸಿ, ಆ ಹಬೆಯನ್ನು ತಣ್ಣೀರಿನ ತೊಟ್ಟಿಯೊಳಗಿನ ಪೈಪಿನಲ್ಲಿ ಇಳಿಸುತ್ತಾರೆ. ಕೊನೆಗೆ ನೀರಿನ ಮೇಲೆ ಹಳದಿ ಎಣ್ಣೆ ತೇಲುತ್ತದೆ. 100 ಕೆಜಿ ಹುಲ್ಲಿಗೆ ಅರ್ಧ ಕೆಜಿ ಸಿಕ್ಕರೆ ಅವತ್ತು ಹಬ್ಬ.

ನನ್ನ ತುಳಸಿ ಕಥೆ ಕೇಳಿ ಕಾಕಾ, "ಎತ್ತರ ಅಂದ್ರ ಏನು ತಮ್ಮಾ?" ಅಂದರು.

ನಾನು ಓದಿದ್ದೆಲ್ಲ ಒದರಿದೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ತಂಪು, ಬಿಸಿಲಿನ ಅತಿನೇರಳೆ ಕಿರಣ ನೂರಕ್ಕೆ ಹತ್ತರಷ್ಟು ಜಾಸ್ತಿ.

"ನೀ ಎಷ್ಟು ಏರಿ ಬಂದಿ?"

"ಇನ್ನೂರೈವತ್ತು ಮೀಟರ್."

ಲೆಕ್ಕ ಹಾಕಿದರೆ ಒಂದೂವರೆ ಡಿಗ್ರಿ ಚಿಲ್ಲರೆ. ಕಾಕಾ ಬೇವಿನ ಮರ ತೋರಿಸಿ, "ಅದರ ನೆರಳಾಗ ಕುಂತ್ರ ಇದಕ್ಕಿಂತ ತಂಪದ" ಅಂದರು. ನನಗೆ ಮಾತೇ ಬರಲಿಲ್ಲ.

"ಮಳೆಗಾಲದಾಗ ಹುಲ್ಲು ಎದಿಮಟ ಬೆಳೀತದ, ಎಣ್ಣಿ ಬರಲ್ಲ. ಬರೇ ನೀರು ಕುಡಿದಿರ್ತದ. ಬಿಸಲಿಗೆ ಕಾಯಬೇಕು, ಆವಾಗ ನೋಡು."

ಸೋಲಬಾರದು ಅಂತ ನಾನು ಲ್ಯಾವೆಂಡರ್ ತೆಗೆದೆ. ಫ್ರಾನ್ಸಿನಲ್ಲಿ ನಿಜವಾದ ಲ್ಯಾವೆಂಡರ್ ಬೆಳೆಯುವುದು 800 ಮೀಟರಿಗಿಂತ ಮೇಲೆ, ಜಮ್ಮು ಕಡೆ ಭದರ್ವಾದ ಬೆಟ್ಟಗಳಲ್ಲೂ ಬೆಳೆಯುತ್ತಾರೆ. ಕೆಳಗಿನ ಹೊಲಗಳಲ್ಲಿ ಅದರದೇ ಮಿಶ್ರತಳಿ ಲ್ಯಾವೆಂಡಿನ್ ಹಾಕುತ್ತಾರೆ. ಅದು ಎಣ್ಣೆ ಜಾಸ್ತಿ ಕೊಡುತ್ತದೆ, ಆದರೆ ಕರ್ಪೂರದ ಘಾಟು, ಬೆಲೆಯೂ ಕಡಿಮೆ. ಇಷ್ಟು ಹೇಳುತ್ತಾ ಹೇಳುತ್ತಾ ಪಿಜ್ಜಾ ಮೇಲೆ ಉದುರಿಸುವ ಒರೆಗಾನೋ ನೆನಪಾಯಿತು. ಗ್ರೀಸಿನಲ್ಲಿ ಅದು ತದ್ವಿರುದ್ಧ, ಕೆಳಗಿನ ಬಿಸಿಲು ನೆಲದ ಗಿಡದಲ್ಲೇ ಎಣ್ಣೆ ಜಾಸ್ತಿ, ಬೆಟ್ಟ ಏರಿದಂತೆ ಕಡಿಮೆ. ನನ್ನ ವಾದವನ್ನು ನಾನೇ ಕೆಡವಿಕೊಂಡೆ.

"ಜಾಸ್ತಿ ಬ್ಯಾರೆ, ಛಲೋ ಬ್ಯಾರೆ. ಒಂದೊಂದು ಗಿಡದ್ದು ಒಂದೊಂದು ಹಟ," ಅಂದು ಕಾಕಾ ಹಂಡೆಯ ಮುಚ್ಚಳ ತೆಗೆದರು. ನಿಂಬೆಯ ಹಬೆ ಮುಖಕ್ಕೆ ಹೊಡೆಯಿತು. ಪೇಟೆಯಲ್ಲಿ ಸಿಗುವ ನಿಂಬೆ ವಾಸನೆಯ ಫಿನಾಯಿಲ್ ಎಲ್ಲ ಇದರ ಮುಂದೆ ಏನೂ ಅಲ್ಲ.

ಹೊರಡುವಾಗ ಅವರ ಅಂಗಳದ ತುಳಸಿ ಕೇಳಿದೆ. ಪೇಪರಿನಲ್ಲೇ ಸುತ್ತಿದೆ, ಪಾಠ ಕಲಿತಿದ್ದೆನಲ್ಲ. ಆಮೇಲೆ ಬೀದರಿನಲ್ಲಿ ಒಂದು ದಿನ ಸುಮ್ನೆ ಸುತ್ತಾಡಿ ಮನೆಗೆ ಬಂದವನು ಅವ್ವನ ಕೈಗೆ ಅಲ್ಲಿಯದೊಂದು ಎಲೆ, ಇಲ್ಲಿಯದೊಂದು ಎಲೆ ಕೊಟ್ಟೆ. ಯಾವುದರ ಘಮ ಜಾಸ್ತಿ ಹೇಳು ಅಂದೆ.

ಅವ್ವ ಮೂಸಲೇ ಇಲ್ಲ. "ನಿನ್ ಕಣ್ಣೇನು ಕುರುಡಾಗ್ಯಾವೇನೋ? ಇದು ಹಸಿರು ತುಳಸಿ, ನಮ್ಮದು ಕರಿ ತುಳಸಿ."