ರಕ್ತ ಕೊಡದ ಅಜ್ಜ ಕೇಳಿದ ಪ್ರಶ್ನೆ

ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ; ಉಣುಗು (ಉಣ್ಣೆ) ಕಚ್ಚಿ ಮಂಗಗಳಿಗೂ ಮನುಷ್ಯರಿಗೂ ಬರುವ ಜ್ವರ ಅದು. ಆ ತಿಂಗಳುಗಳಲ್ಲಿ ನಮಗೆ ರಜೆ ಎನ್ನುವುದು ಇಲ್ಲ. ಸಾಗರ ತಾಲೂಕಿನ ಕಾಡಂಚಿನ ಊರುಗಳಲ್ಲಿ ಆರೋಗ್ಯ ಇಲಾಖೆಯ ಕೆಲಸ ನನ್ನದು. ಮಂಗ ಸತ್ತಿದೆ ಎಂದು ಫೋನ್ ಬಂದರೆ ಹೊರಡಬೇಕು. ಹೆಣದ ಸುತ್ತ 50 ಅಡಿ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಹೊಡೆಸಬೇಕು. ಬಿಳಿ ಫ್ಲಾನೆಲ್ ಬಟ್ಟೆಯನ್ನು ದರಗಿನ (ಒಣ ಎಲೆಗಳ) ಮೇಲೆ ಎಳೆದು ಉಣುಗು ಹಿಡಿಯಬೇಕು. ಬಟ್ಟೆ ಮಗುಚಿ ಬಿಸಿಲಿಗೆ ಹಿಡಿದರೆ ಸಾಸಿವೆ ಕಾಳಿಗಿಂತ ಸಣ್ಣ ಮರಿಗಳು ಕಾಣುತ್ತವೆ. ಕಾಲು ಆಡಿಸಿದಾಗಲೇ ಅದು ಕಸವಲ್ಲ, ಜೀವ ಎಂದು ತಿಳಿಯುವುದು. ಚಿಮಟದಲ್ಲಿ ಒಂದೊಂದನ್ನೇ ಎತ್ತಿ ಸೀಸೆಗೆ ಹಾಕುತ್ತೇವೆ. ಜ್ವರ ಬಂದವರ ರಕ್ತ ತೆಗೆಸಿ ಶಿವಮೊಗ್ಗದ ಲ್ಯಾಬಿಗೆ ಕಳಿಸುತ್ತೇವೆ.

2018ರ ಡಿಸೆಂಬರಿನಲ್ಲಿ ಅರಳಗೋಡು ಭಾಗದಲ್ಲಿ ಮಂಗನ ಕಾಯಿಲೆ ಸಾವು ತಂದಿತಲ್ಲ, ಅದರ ಮುಂದಿನ ತಿಂಗಳ ಮಾತು. ಒಂದು ಅಡಿಕೆ ತೋಟದ ಊರಿನಲ್ಲಿ ಎಂಬತ್ತರ ಹತ್ತಿರದ ಅಜ್ಜ ಜ್ವರ ಬಂದು ಜಗಲಿಯಲ್ಲಿ ಮಲಗಿದ್ದರು. ಕೈ ಚಾಚಿ ಎಂದರೆ ಕಂಬಳಿ ಒಳಗೆ ಎಳೆದುಕೊಂಡರು.

"ನಾನು ಸೊರಬದ ಕಡೆಯವ ಮಾರಾಯ. ಹುಡುಗ ಇದ್ದಾಗ ಜೀಪಿನಲ್ಲಿ ಬಂದವರು ನನ್ನ ರಕ್ತ ತಗೊಂಡು ಹೋಗಿದಾರೆ. ಅದರಲ್ಲಿ ಏನಿತ್ತು ಅಂತ ಇವತ್ತಿನವರೆಗೆ ಒಬ್ಬರೂ ಬಂದು ಹೇಳಲಿಲ್ಲ. ಮೊದಲು ಆ ರಿಪೋರ್ಟ್ ತಗೊಂಡು ಬಾ."

"ಅದೆಲ್ಲ ಹಳೇ ಕತೆ ಅಜ್ಜ" ಎಂದುಬಿಟ್ಟೆ. ಇನ್ನೂ ಏಳು ಮನೆ ನೋಡಬೇಕಿತ್ತು, ಗಡಿಬಿಡಿ. ಅಜ್ಜ ಗೋಡೆ ಕಡೆ ಮಗ್ಗುಲಾದರು. ಅವರು ಕೊಡಲಿಲ್ಲ ಎಂದು ಪಕ್ಕದ ನಾಲ್ಕು ಮನೆಯವರೂ ಕೊಡಲಿಲ್ಲ. ಒಂದು ವಾರ ಕಳೆದು ಆ ನಾಲ್ಕರಲ್ಲೊಂದು ಮನೆಯ ಸೊಸೆಯನ್ನು ಮೂಗಿನಲ್ಲಿ ರಕ್ತ ಸುರಿಯುತ್ತಿದ್ದ ಸ್ಥಿತಿಯಲ್ಲಿ ಆಸ್ಪತ್ರೆಗೆ ಹೊತ್ತೊಯ್ದರು. ಬದುಕಿದರು. ಆದರೆ ವಾರ ಮೊದಲೇ ಗೊತ್ತಾಗಬಹುದಿತ್ತು, ಗೊತ್ತಾಗದಂತೆ ಮಾಡಿದ್ದು ನನ್ನ ಆ ಒಂದು ಮಾತು.

ಆಮೇಲೆ ಅಜ್ಜನ ಜೀಪಿನ ಬೆನ್ನು ಹತ್ತಿ ಓದತೊಡಗಿದೆ. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದು ಒಂದೇ ಸಾಲು: 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ರೋಗ ಪತ್ತೆಯಾಯಿತು. ಪತ್ತೆ ಮಾಡಿದವರು ಯಾಕೆ ಅಷ್ಟು ಬೇಗ ಬಂದರು ಎಂದು ನಾನು ಕೇಳಿಯೇ ಇರಲಿಲ್ಲ.

ಬಂದದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. 1952ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಜೊತೆ ಸೇರಿ ಕಟ್ಟಿದ ಕೇಂದ್ರ ಅದು. ಮಂಗಗಳು ಸಾಯುತ್ತಿವೆ ಎಂದ ಕೂಡಲೇ ಅವರಿಗೆ ಹೆದರಿಕೆ ಹುಟ್ಟಿಸಿದ್ದು ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಹಳದಿ ಜ್ವರ. ಸ್ಪೇನ್ ವಿರುದ್ಧದ 1898ರ ಯುದ್ಧದಲ್ಲಿ ಅಮೆರಿಕದ ಸೈನಿಕರು ಗುಂಡಿಗಿಂತ ಹೆಚ್ಚಾಗಿ ಸತ್ತದ್ದು ರೋಗಗಳಿಂದ. ಅದಾದ ಮೇಲೆ ಸೇನಾ ವೈದ್ಯ ವಾಲ್ಟರ್ ರೀಡ್ ಕ್ಯೂಬಾದಲ್ಲಿ ಕೂತು, 1900ರಲ್ಲಿ, ಹಳದಿ ಜ್ವರ ಹರಡುವುದು ಸೊಳ್ಳೆಯಿಂದ ಎಂದು ತೋರಿಸಿದ. ಆ ಸೊಳ್ಳೆ ಭಾರತದಲ್ಲೂ ಇತ್ತು, ಮಂಗವೂ ಇತ್ತು, ರೋಗ ಮಾತ್ರ ಬಂದಿರಲಿಲ್ಲ.

ಪರೀಕ್ಷೆಯಲ್ಲಿ ಸಿಕ್ಕಿದ್ದು ಬೇರೆಯೇ ವೈರಸ್. ಅದರ ದಾಯಾದಿ ಇದ್ದದ್ದು ರಷ್ಯಾದಲ್ಲಿ. 1930ರ ದಶಕದಲ್ಲಿ ಜಪಾನಿನ ಭಯಕ್ಕೆ ಸೋವಿಯತ್ ಒಕ್ಕೂಟ ತನ್ನ ಪೂರ್ವ ತುದಿಯ ಕಾಡುಗಳಲ್ಲಿ ಸೈನ್ಯ ಹೆಚ್ಚಿಸಿತ್ತು. ಆ ಸೈನಿಕರು ಮೆದುಳು ಜ್ವರದಿಂದ ಬಿದ್ದಾಗ 1937ರಲ್ಲಿ ವೈರಸ್ ವಿಜ್ಞಾನಿ ಲೆವ್ ಜಿಲ್ಬರ್ ತಂಡ ಕಟ್ಟಿಕೊಂಡು ಹೋಗಿ, ಇದು ಉಣುಗಿನಿಂದ ಬರುವ ವೈರಸ್ ಎಂದು ಕಂಡುಹಿಡಿದರು. ವಾಪಸು ಬಂದ ಅವರನ್ನು ಅದೇ ವರ್ಷ ಅವರ ಸರ್ಕಾರವೇ ಬಂಧಿಸಿತು. ತಂಡದ ಯುವಕ ಮಿಖಾಯಿಲ್ ಚುಮಕೋವ್‌ಗೆ ಅದೇ ರೋಗ ತಗುಲಿ ಬಲಗೈ ಸ್ವಾಧೀನ ತಪ್ಪಿತು, ಕಿವಿ ಮಂದವಾಯಿತು. ಈ ಭಾಗ ಓದಿದಾಗ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಫ್ಲಾನೆಲ್ ಬಟ್ಟೆ ಎಳೆಯುವ ಯಾರಿಗೇ ಆದರೂ ಹಾಗೆ ಆಗುತ್ತದೆ.

ರಷ್ಯಾದ ರೋಗಕ್ಕೆ ಅಮೆರಿಕದ ಸೇನೆಯ ಸಂಶೋಧನಾ ಸಂಸ್ಥೆ ಇಲಿಯ ಮೆದುಳಿನಿಂದ ಒಂದು ಲಸಿಕೆ ಮಾಡಿತ್ತು. ಸಂಸ್ಥೆಯ ಹೆಸರು ವಾಲ್ಟರ್ ರೀಡ್, ಅದೇ ರೀಡ್. ಹತ್ತಿರದ ವೈರಸ್ ತಾನೇ ಎಂದು ಆ ಲಸಿಕೆಯನ್ನು ನಮ್ಮ ಶಿವಮೊಗ್ಗ ಜಿಲ್ಲೆಯ ಜನರಿಗೆ ಹಾಕಿ ನೋಡಿದರು. ಹಿಡಿಯಲಿಲ್ಲ. ಉಣುಗನ್ನು ವಲಸೆ ಹಕ್ಕಿಗಳು ಹೊತ್ತು ತಂದಿರಬಹುದೇ ಎಂದು ಪಕ್ಷಿತಜ್ಞ ಸಲೀಂ ಅಲಿಯವರ ತಂಡ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿತು. ಆ ಕೆಲಸಕ್ಕೆ ಮುಂದೆ ಅಮೆರಿಕದ ಸೇನೆಯ ಹಣವೂ ಸೇರಿತ್ತು. 1970ರ ದಶಕದಲ್ಲಿ ಇದೆಲ್ಲ ಯಾರ ಉಪಯೋಗಕ್ಕೆ ಎಂದು ಸಂಸತ್ತಿನ ಸಮಿತಿಯೇ ಕೇಳಿತು. ಅಜ್ಜ ಜಗಲಿಯಲ್ಲಿ ಮಲಗಿ ಕೇಳಿದ್ದೂ ಅದನ್ನೇ ಅಲ್ಲವೇ?

ನನ್ನ ಚೀಲವನ್ನೂ ಬೇರೆ ಕಣ್ಣಿನಿಂದ ನೋಡಿದೆ. ಉಣುಗು ಹತ್ತದಂತೆ ಮೈಗೆ ಹಚ್ಚಲು ಆಗ ನಾವು ಹಂಚುತ್ತಿದ್ದ ಡಿಎಂಪಿ ಎಣ್ಣೆಯನ್ನು ಎರಡನೇ ಮಹಾಯುದ್ಧದಲ್ಲಿ ಸೈನಿಕರು ಮೈಗೆ ಹಚ್ಚಿಕೊಳ್ಳುತ್ತಿದ್ದರು. ಈಗ ಕೊಡುವ ಡೆಪಾ ಎಣ್ಣೆ ನಮ್ಮದೇ ರಕ್ಷಣಾ ಇಲಾಖೆಯ ಗ್ವಾಲಿಯರ್ ಪ್ರಯೋಗಾಲಯದ್ದು. ಮೆಲಾಥಿಯಾನ್ ಯಾವ ರಾಸಾಯನಿಕ ಕುಲಕ್ಕೆ ಸೇರಿದೆಯೋ ಅದೇ ಕುಲದಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ 1936ರಲ್ಲಿ ಕೀಟನಾಶಕ ಹುಡುಕುತ್ತ ಟಾಬುನ್ ಎಂಬ ನರವಿಷಕ್ಕೆ ಎಡವಿದ್ದ. ಹೀಗೆಂದು ಎಣ್ಣೆ ಹಚ್ಚಬೇಡಿ ಎನ್ನುತ್ತಿಲ್ಲ. ಹಚ್ಚಲೇಬೇಕು, ದರಗು ಗುಡಿಸಲು, ಸೊಪ್ಪಿಗೆ ಹೋಗುವಾಗ ಮರೆಯದೆ ಹಚ್ಚಿ. ಆದರೆ ಇದು ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ಹಚ್ಚಿಕೊಳ್ಳುವವರಿಗೆ ಇದೆ, ಹೇಳುವ ಹೊಣೆ ಕೊಡುವವನಿಗೆ ಇದೆ.

ಫೆಬ್ರವರಿಯಲ್ಲಿ ಅಜ್ಜನ ಮನೆಗೆ ಮತ್ತೆ ಹೋದೆ. ಅವರ ಜ್ವರ ತಾನಾಗಿ ಇಳಿದಿತ್ತು. "ನಿಮ್ಮ ಹಳೇ ರಿಪೋರ್ಟ್ ನನ್ನಿಂದ ತರೋಕ್ಕಾಗಲಿಲ್ಲ ಅಜ್ಜ, ಅವರು ಯಾಕೆ ಬಂದಿದ್ರು ಅನ್ನೋದನ್ನ ತಂದಿದೀನಿ" ಎಂದೆ. ಕವಳ ಹಾಕಿಕೊಂಡು ಪೂರ್ತಿ ಕೇಳಿದರು. ನಡುವೆ ಕೇಳಿದ್ದು ಒಂದೇ: "ಆ ರಷ್ಯಾದ ಹುಡುಗನ ಕೈ ಸರಿ ಹೋಯ್ತಾ?" ಇಲ್ಲ ಎಂದೆ. ಸ್ವಾಧೀನ ಇಲ್ಲದ ಆ ಕೈ ಇಟ್ಟುಕೊಂಡೇ ಅವರು ಮುಂದೆ ಪೋಲಿಯೊ ಹನಿಯನ್ನು ತಮ್ಮ ದೇಶದ ಕೋಟ್ಯಂತರ ಮಕ್ಕಳಿಗೆ ಮುಟ್ಟಿಸಿದರು ಎಂದೂ ಹೇಳಿದೆ.

ಅಂದಿನಿಂದ ನನ್ನ ಹತ್ತಿರ ಇಲಾಖೆಯ ರಿಜಿಸ್ಟರ್ ಅಲ್ಲದೆ ಒಂದು ನೂರು ಪುಟದ ನೋಟ್‌ಬುಕ್ ಇದೆ. ಯಾರ ಮನೆಯಲ್ಲಿ ರಕ್ತ ತೆಗೆದೆವು, ಫಲಿತಾಂಶವನ್ನು ಯಾವ ದಿನ ಯಾರಿಗೆ ಹೇಳಿದೆ ಎಂದು ಅದರಲ್ಲಿ ಬರೆಯುತ್ತೇನೆ. ನೆಗೆಟಿವ್ ಬಂದರೂ ಹೋಗಿ ಹೇಳುತ್ತೇನೆ. ಆ ಕೇರಿಗೆ ಆಮೇಲೆ ಹೋದಾಗ ಬಾಗಿಲು ಹಾಕಿಕೊಂಡವರಿಲ್ಲ.

ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಆರೂವರೆಗೆ ಮೊಮ್ಮಗನ ಫೋನಿನಿಂದ ಅಜ್ಜ ಮಾತಾಡಿದರು. "ತೋಟದ ಮೇಲಿನ ಅಗಳದ ಹತ್ತಿರ ಮುಸಿಯ ಮಂಗ ಸತ್ತು ಬಿದ್ದಿದೆ. ಯಾರನ್ನೂ ಹತ್ತಿರ ಬಿಟ್ಟಿಲ್ಲ, ನಾಯಿ ಕಟ್ಟಿ ಹಾಕಿಸಿದೀನಿ. ಪುಡಿ ತಗೊಂಡು ಬಾ."