ತೋಡಿನ ಕಂಡಿ

ಉಡುಪಿ ಬಳಿಯ ಹಿರಿಯಡ್ಕದಿಂದ ಒಳಗೆ, ಹಾಡಿಗೆ (ಕುರುಚಲು ಕಾಡಿಗೆ) ಬೆನ್ನು ಕೊಟ್ಟ ಒಂದು ಅಡಿಕೆ ತೋಟ. ತುಳುವರ ಸೋಣ ತಿಂಗಳ (ಆಗಸ್ಟ್–ಸೆಪ್ಟೆಂಬರ್) ಕೊನೆ. ಬೆಳಗ್ಗೆ ಐದೂವರೆಗೆ ಅಲ್ಲಿಂದ ನಮಗೆ ಫೋನು ಬಂತು. ಹೋಗಿ ನೋಡಿದರೆ ಹಟ್ಟಿಯ ಹೊರಗೆ ಕಟ್ಟಿದ್ದ ಎರಡು ತಿಂಗಳ ಹೆಣ್ಣುಕರು ಹಗ್ಗವನ್ನು ಕಾಲಿಗೆ ಸುತ್ತಿಕೊಂಡು ಬಿದ್ದಿತ್ತು. ಜೀವ ಇತ್ತು.

“ಚಿರತೆಯೇ ಮಾರಾಯ್ರೆ. ಹೋದ ವಾರ ಆಚೆಮನೆಯ ನಾಯಿಯನ್ನು ಎತ್ತಿಕೊಂಡು ಹೋಗಿದೆ” ಎಂದರು ಮನೆಯ ಅಕ್ಕ.

ಚಿರತೆ ಅಲ್ಲ. ಚಿರತೆ ಬಾಯಿ ಹಾಕುವುದು ಗಂಟಲಿಗೆ. ಅಲ್ಲಿ ಕೋರೆಹಲ್ಲಿನ ಆಳವಾದ ತೂತುಗಳಿರುತ್ತವೆ, ಉಳಿದ ಮೈ ಅಷ್ಟಾಗಿ ಹರಿದಿರುವುದಿಲ್ಲ. ಈ ಕರುವಿನ ಹಿಂದೊಡೆ, ಬಾಲದ ಬುಡ, ಒಂದು ಕಿವಿ ಹರಿದಿದ್ದವು. ಹತ್ತಾರು ಕಡೆ ಹಲ್ಲು ತಾಗಿ ಚರ್ಮ ಎದ್ದಿತ್ತು. ಹಿಂದಿನಿಂದ ಹಿಡಿಯುವುದು, ಒಂದು ಎಳೆಯುವಾಗ ಇನ್ನೊಂದು ಕಚ್ಚುವುದು ನಾಯಿ ಗುಂಪಿನ ಕ್ರಮ. ಕೆಸರಿನ ಹೆಜ್ಜೆಗಳಲ್ಲೂ ಉಗುರಿನ ಗುರುತು ಎದ್ದು ಕಾಣುತ್ತಿತ್ತು. ಚಿರತೆ ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತದೆ. ಇದನ್ನು ತಿಳಿದಿರುವುದರಿಂದ ಲಾಭ ಉಂಟು. ಚಿರತೆ ಕೊಂದರೆ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಹಾಕಬಹುದು, ನಾಯಿ ಕೊಂದದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಕೋಳಿಗೂಡಿನಲ್ಲೂ ಹಾಗೆಯೇ. ನಾಯಿ ನುಗ್ಗಿದ್ದರೆ ಎಂಟು ಹತ್ತು ಕೋಳಿ ಸತ್ತು ಅಂಗಳದ ತುಂಬ ಚೆಲ್ಲಿರುತ್ತವೆ, ತಿಂದದ್ದು ಒಂದೋ ಅರ್ಧವೋ.

ಅಕ್ಕ ಅರಿಶಿನ, ತೆಂಗಿನೆಣ್ಣೆ ಹಿಡಿದುಕೊಂಡೇ ಬಂದಿದ್ದರು. ಅದನ್ನು ಬದಿಗಿಡಿಸಿ ಮೊದಲು ಸಾಬೂನು ತರಿಸಿದ್ದು. ರೇಬೀಸ್ ವೈರಸ್ಸಿನ ಹೊರಪೊರೆ ಕೊಬ್ಬಿನದು, ಸಾಬೂನಿಗೆ ಒಡೆಯುತ್ತದೆ. ಬಟ್ಟೆ ಒಗೆಯುವ ಬಾರ್ ಆದರೂ ಸಾಕು. ಹರಿಯುವ ನೀರಿನಲ್ಲಿ 15 ನಿಮಿಷ, ಗಡಿಯಾರ ನೋಡಿಯೇ ತೊಳೆಯಬೇಕು. ಎರಡು ನಿಮಿಷಕ್ಕೇ ಸಾಕೆನಿಸುತ್ತದೆ, ಹೆಚ್ಚಿನವರು ನಿಲ್ಲಿಸುವುದೂ ಅಲ್ಲಿಗೇ. ಪಂಪಿನ ಪೈಪನ್ನು ಬೆರಳಲ್ಲಿ ಅದುಮಿ ಜೋರಾಗಿ ಹಾಯಿಸಬಾರದು, ಕೊಳೆ ಇನ್ನೂ ಒಳಗೆ ಹೋಗುತ್ತದೆ. ಆಮೇಲೆ ಸೋಂಕು ತಡೆಯುವ ಪೊವಿಡೋನ್ ಅಯೋಡಿನ್ ದ್ರಾವಣ. ಹೊಲಿಗೆ ಹಾಕಿಸುವ ಅವಸರ ಬೇಡ. ಮಳೆಗಾಲದ ಗಾಯಕ್ಕೆ ನೊಣ ಕೂತು ಹುಳ ಬೀಳುವುದು ಬೇಗ, ಹಾಗಾಗಿ ಸುತ್ತ ನೊಣ ಓಡಿಸುವ ಸ್ಪ್ರೇ ಹೊಡೆದು ದಿನಕ್ಕೆ ಎರಡು ಸಲ ಬಾಲದ ಬುಡ ಎತ್ತಿ ನೋಡಬೇಕು. ಕರುವನ್ನು ಹಿಡಿದುಕೊಳ್ಳುವವರ ಕೈಗೆ ಕೈಗವಸು ಇರಲಿ. ಅಡಿಕೆ ಸುಲಿದು ಬಿರುಕುಬಿಟ್ಟ ಕೈಗೆ ನಾಯಿಯ ಹಸಿ ಜೊಲ್ಲು ತಾಗುವುದು ಬೇಡ.

ಪಶುವೈದ್ಯರು ಬಂದದ್ದು ಒಂಬತ್ತಕ್ಕೆ. ಕಚ್ಚಿಸಿಕೊಂಡ ದನಕರುಗಳಿಗೆ ಕೊಡುವ ರೇಬೀಸ್ ಲಸಿಕೆ 0, 3, 7, 14 ಮತ್ತು 28ನೇ ದಿನಕ್ಕೆ (0 ಎಂದರೆ ಮೊದಲ ಇಂಜೆಕ್ಷನ್ನಿನ ದಿನ). ತಪ್ಪುವುದು ಯಾವಾಗಲೂ ಕೊನೆಯ ಎರಡು. ಗಾಯ ಒಣಗಿ ಕರು ಹಾರಾಡತೊಡಗಿದ ಮೇಲೆ ಇನ್ನೆಂತ ಇಂಜೆಕ್ಷನ್ ಎಂದು ಬಿಟ್ಟುಬಿಡುತ್ತಾರೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಐದೂ ದಿನಕ್ಕೆ ಅಂದೇ ಗುರುತು ಹಾಕಿಸಿದ್ದಾಯಿತು. ಇನ್ನೊಂದು ಮಾತನ್ನೂ ಮನೆಯವರಿಗೆ ಹೇಳಬೇಕಿತ್ತು: ಮುಂದೆ ಯಾವತ್ತಾದರೂ ದನವೋ ಕರುವೋ ಜೊಲ್ಲು ಸುರಿಸುತ್ತ, ನೀರು ನುಂಗಲಾಗದೆ, ಒಡಕು ದನಿಯಲ್ಲಿ ಕೂಗಿದರೆ, ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಬಾಯಿಗೆ ಕೈ ಹಾಕಬಾರದು. ರೇಬೀಸ್ ಬಂದ ಜಾನುವಾರಿನ ಲಕ್ಷಣವೂ ಹೀಗೆಯೇ. ಮನುಷ್ಯರಿಗೆ ಕಚ್ಚಿದರೂ ಸಾಬೂನಿನ ಕ್ರಮ ಇದೇ. ಲಸಿಕೆ ತೋಳಿನ ಮಾಂಸಕ್ಕಾದರೆ ಇದೇ ಐದು ದಿನ, ಚರ್ಮದೊಳಗೆ ಕೊಡುವುದಾದರೆ 0, 3, 7, 28. ರಕ್ತ ಬಂದ ಗಾಯವಾದರೆ ಮೊದಲ ದಿನವೇ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಬೇಕು. ಅದನ್ನು ಕೇಳಿ ಹಾಕಿಸಿಕೊಳ್ಳಬೇಕು.

ಇನ್ನು ಅವು ಬಂದ ದಾರಿ. ಮುರಕಲ್ಲಿನ (ಜಂಬಿಟ್ಟಿಗೆಯ) ಪಾಗಾರ, ಅಂದರೆ ಕಾಂಪೌಂಡ್ ಗೋಡೆ, ನಾಲ್ಕಡಿ, ಒಳ್ಳೆಯದೇ. ಆದರೆ ಹೊರಬದಿಗೆ ತೆಂಗಿನ ಮಡಲು ರಾಶಿ ಹಾಕಿದ್ದ ಕಡೆ ಅದು ಎರಡಡಿಯ ಪಾಗಾರ. ಇನ್ನೊಂದು ಬದಿಗೆ ಚೈನ್‌ಲಿಂಕ್ ಬೇಲಿ, ಬುಡದಲ್ಲಿ ಎರಡು ಕಡೆ ಕೆರೆದ ಗುಂಡಿ. ಬಲೆಯನ್ನು ನೆಟ್ಟಗೆ ನೆಲಕ್ಕೆ ಮುಟ್ಟಿಸಿ ಬಿಟ್ಟರೆ ನಾಯಿಗೆ ಅದು ಹತ್ತು ನಿಮಿಷದ ಕೆಲಸ. ಬುಡದ ಒಂದೂವರೆ ಅಡಿಯನ್ನು ಹೊರಬದಿಗೆ ಮಡಚಿ ನೆಲಕ್ಕೆ ಹಾಸಿ ಮೇಲೆ ಕಲ್ಲು ಹೇರಬೇಕು. ನಾಯಿ ಕೆರೆಯುವುದು ಬೇಲಿಯ ಬುಡದಲ್ಲೇ, ಅಲ್ಲಿ ಬಲೆ ಸಿಕ್ಕಿದರೆ ಹಿಂದೆ ಸರಿದು ಕೆರೆಯುವ ಬುದ್ಧಿ ಅದಕ್ಕೆ ಬರುವುದಿಲ್ಲ. ಒಳಬದಿಗೆ ಮಡಚಿದವರನ್ನು ಬೇಕಾದಷ್ಟು ನೋಡಿದ್ದೇವೆ. ಬಲೆಯೂ ದಂಡ, ಆಳಿನ ಸಂಬಳವೂ ದಂಡ.

ಆದರೆ ಹೆಜ್ಜೆ ಹಿಡಿದು ಹೋದಾಗ ಅವು ಪಾಗಾರವನ್ನೂ ಹಾರಿರಲಿಲ್ಲ, ಬೇಲಿಯಡಿಯೂ ನುಸುಳಿರಲಿಲ್ಲ. ತೋಡು (ಸಣ್ಣ ಹಳ್ಳ) ತೋಟದಿಂದ ಹೊರಬೀಳುವಲ್ಲಿ ಪಾಗಾರಕ್ಕೆ ಎರಡೂವರೆ ಅಡಿ ಅಗಲದ ಕಂಡಿ ಬಿಟ್ಟಿದ್ದರು. ಮಳೆ ಕಡಿಮೆಯಾಗಿ ನೀರು ಕಾಲಿನ ಗಂಟಿಗೂ ಮುಟ್ಟುತ್ತಿರಲಿಲ್ಲ. ಬದಿಯ ಮರಳಿನ ಮೇಲೆ ನಾಲ್ಕು ನಾಯಿಗಳ ಹೆಜ್ಜೆ ಒಳಗೆ ಬಂದದ್ದೂ ಹೊರಗೆ ಹೋದದ್ದೂ ಸ್ಪಷ್ಟವಾಗಿತ್ತು.

ಅಲ್ಲಿಗೆ ಗ್ರಿಲ್ ಕೂರಿಸಿ ಸಿಮೆಂಟ್ ಮೆತ್ತುವವರೇ ಹೆಚ್ಚು. ಮೊದಲ ದೊಡ್ಡ ಮಳೆಗೆ ಅಡಿಕೆಯ ಸೋಗೆ, ಹಾಳೆ, ತರಗೆಲೆ ಎಲ್ಲ ಬಂದು ಗ್ರಿಲ್ಲಿಗೆ ಮೆತ್ತಿಕೊಳ್ಳುತ್ತದೆ, ನೀರು ಹಿಂದೆ ನಿಂತು ಕಡೆಗೆ ಪಾಗಾರವೇ ಮಲಗುತ್ತದೆ. ಬೇಕಾದ್ದು ನೇತಾಡುವ ಗ್ರಿಲ್. ಕಂಡಿಯ ಮೇಲೆ ಒಂದು ಅಡ್ಡ ಪೈಪು, ಅದಕ್ಕೆ ಬಳೆ ಹಾಕಿ ತೂಗುಬಿಟ್ಟ ಕಬ್ಬಿಣದ ಚೌಕಟ್ಟು. ಸರಳುಗಳ ನಡುವೆ ಮೂರು ಇಂಚಿಗಿಂತ ಹೆಚ್ಚು ಸಂದು ಬೇಡ. ನೀರು ಹೋಗುವ ದಿಕ್ಕಿಗೆ ಮಾತ್ರ ತೆರೆದುಕೊಳ್ಳುವಂತೆ ಒಳಬದಿಗೆ ಎರಡು ತಡೆಗೂಟ. ಪ್ರವಾಹ ಬಂದರೆ ಸೋಗೆಯ ಸಮೇತ ತಳ್ಳಿಕೊಂಡು ತೆರೆಯುತ್ತದೆ, ಇಳಿದರೆ ತನ್ನ ಭಾರಕ್ಕೆ ಮುಚ್ಚುತ್ತದೆ. ಹೊರಗಿನಿಂದ ದೂಡಿದ ನಾಯಿಗೆ ತಡೆಗೂಟ ಬಿಡುವುದಿಲ್ಲ. ಊರಿನ ವೆಲ್ಡಿಂಗ್ ಅಂಗಡಿಯವರಿಗೆ ಅರ್ಧ ದಿನದ ಕೆಲಸ.

ಗ್ರಿಲ್ ತಯಾರಾಗುವಷ್ಟರಲ್ಲಿ ತೋಟದಲ್ಲಿ ಜನ ಸೇರಿದ್ದರು. ಒಬ್ಬರು ಹರಳು ವಿಷದ ಮಾತೆತ್ತಿದರು, ಇನ್ನೊಬ್ಬರು ಬೆಳೆ ರಕ್ಷಣೆಯ ಕೋವಿಯದ್ದು. ಪ್ರಾಣಿಗೆ ವಿಷ ಹಾಕಿ ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ 5 ವರ್ಷದ ತನಕ ಜೈಲು ಉಂಟು. ಕಾನೂನು ಹಾಗಿರಲಿ, ವಿಷ ಹಾಕಿದ ಮಾಂಸವನ್ನು ಮೊದಲು ತಿನ್ನುವುದು ಮುಂಗುಸಿಯೋ, ಗರುಡವೋ, ಕಟ್ಟು ಬಿಚ್ಚಿದ ಸ್ವಂತ ನಾಯಿಯೋ ಯಾರು ಬಲ್ಲರು? ಉರುಳೂ ಬೇಡ. ಅದಕ್ಕೆ ಚಿರತೆ ಬಿದ್ದರೆ ಕೇಸು ನಮ್ಮ ತಲೆಗೆ.

ಅಷ್ಟರಲ್ಲಿ ಅಕ್ಕ ಮೆಲ್ಲಗೆ, “ಅದರಲ್ಲಿ ಒಂದರ ಕುತ್ತಿಗೆಗೆ ನೀಲಿ ನೈಲಾನ್ ಹಗ್ಗ ಇತ್ತು” ಎಂದರು.

ಎಲ್ಲರೂ ಸುಮ್ಮನಾದರು. ಹಗ್ಗ ಯಾರ ಮನೆಯದ್ದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹಗಲು ಕಟ್ಟಿ ರಾತ್ರಿ ಬಿಡುವುದು ನಮ್ಮಲ್ಲಿನ ರೂಢಿ. ಮನೆಯಂಗಳದಲ್ಲಿ ಬಾಲ ಅಲ್ಲಾಡಿಸುವ ನಾಯಿ, ಗುಂಪು ಸೇರಿದಾಗ ಅದೇ ನಾಯಿಯಾಗಿ ಉಳಿಯುವುದಿಲ್ಲ. ಉಳಿದ ಮೂರೂ ಯಾರೋ ಗೋಣಿಯಲ್ಲಿ ತಂದು ಪೇಟೆಯ ಬದಿಗೆ ಬಿಟ್ಟ ಹೆಣ್ಣುಮರಿಗಳ ಸಂತಾನವೇ ಇರಬೇಕು. ರಸ್ತೆಯ ತಿರುವಿನಲ್ಲಿ ರಾತ್ರಿ ಎಸೆದು ಹೋಗುವ ಕೋಳಿ ಅಂಗಡಿಯ ಚೀಲಗಳು ಅವನ್ನು ಸಾಕುತ್ತವೆ. ಆ ತಿರುವಿನಿಂದ ಈ ತೋಟಕ್ಕೆ ತೋಡಿನಲ್ಲೇ ನೇರ ದಾರಿ.

ಮಧ್ಯಾಹ್ನ ಪಂಚಾಯತಿಗೆ ಬರೆದ ಅರ್ಜಿಯಲ್ಲಿ ‘ನಾಯಿಗಳ ಹಾವಳಿ’ ಎಂಬ ಮಾತಿಗೆ ಒಂದೇ ಸಾಲು ಕೊಟ್ಟು, ಉಳಿದದ್ದನ್ನು ಲೆಕ್ಕಕ್ಕೆ ಬಿಟ್ಟೆವು: ಎಷ್ಟು ಗಂಡು, ಎಷ್ಟು ಹೆಣ್ಣು, ಯಾವುದರ ಕಿವಿಯಂಚಿಗೆ ಕತ್ತರಿ ಬಿದ್ದಿದೆ, ಎಷ್ಟು ಹೊತ್ತಿಗೆ ಎಲ್ಲಿ ಸೇರುತ್ತವೆ. ಕಿವಿಯಂಚು ಕತ್ತರಿಸಿದ್ದರೆ ಸಂತಾನಹರಣ ಆಗಿದೆ ಎಂದರ್ಥ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಂತೆ ಹಿಡಿದ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. ಕರು ಕಚ್ಚಿಸಿಕೊಂಡವರಿಗೆ ಇದು ನುಂಗಲಾರದ ತುತ್ತು, ಒಪ್ಪುತ್ತೇವೆ. ಆದರೆ ಖಾಲಿಯಾದ ತಿರುವಿಗೆ ಬೇರೆ ನಾಯಿ ಬರಲು ಹೆಚ್ಚು ದಿನ ಬೇಡ, ಅವಕ್ಕೆ ಲಸಿಕೆಯೂ ಇರುವುದಿಲ್ಲ. ಭಾದ್ರಪದ ಬೇರೆ: ಬೆದೆಗೆ ಬಂದ ಒಂದು ಹೆಣ್ಣು ಮೂರು ಊರಿನ ಗಂಡುಗಳನ್ನು ಕರೆಯುತ್ತದೆ, 63 ದಿನ ಕಳೆದರೆ ಮರಿ. ಹಿಡಿಯುವವರು ಬರುವ ವಾರದಲ್ಲಿ ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಅನ್ನ ಹಾಕಿ ಅಭ್ಯಾಸ ಮಾಡಿಸಿದರೆ ಬಲೆಗೆ ಸುಲಭ. ಹಿಂದಿನ ರಾತ್ರಿ ಮಾತ್ರ ಹಾಕಬಾರದು, ಅರಿವಳಿಕೆಗೆ ಹೊಟ್ಟೆ ಖಾಲಿ ಇರಬೇಕು.

ನೀಲಿ ಹಗ್ಗದ ಮನೆಗೆ ಹೋದದ್ದು ಅಕ್ಕನ ಗಂಡ ಒಬ್ಬರೇ. ಏನು ಮಾತಾಯಿತೋ, ಆ ರಾತ್ರಿ ಅಲ್ಲಿ ನಾಯಿ ಬೊಗಳಿದ್ದು ಗೂಡಿನೊಳಗಿಂದ.

ಕರುವನ್ನು ಹಟ್ಟಿಯೊಳಗೆ ಕಟ್ಟಿ, ಅರ್ಧ ಬಾಗಿಲಿಗೆ ಮೇಲಿಂದ ಇನ್ನೂ ಎರಡು ಅಡಿ ಬಲೆ ಏರಿಸಿ, ಗ್ರಿಲ್ ತೂಗಿಸಿ ಮುಗಿಸುವಾಗ ಕತ್ತಲೆ. ಮೂರನೇ ದಿನ ಇಂಜೆಕ್ಷನ್ನಿಗೆಂದು ಹೋದಾಗ ತೋಡಿಗೆ ಇಳಿದು ನೋಡಿದೆವು. ಒಳಬದಿಯ ಮರಳು ನುಣ್ಣಗಿತ್ತು. ಹೊರಬದಿಯಲ್ಲಿ ಗ್ರಿಲ್ಲಿನ ಅಡಿಗೆ ಒಂದು ಗೇಣು ಕೆರೆದಿತ್ತು. ಮರಳಿನ ತಳಕ್ಕೆ ಒಂದಡಿ ಆಳದ ಕಾಂಕ್ರೀಟ್ ಪಟ್ಟಿ ಹಾಕುವುದನ್ನು ಮರೆತಿದ್ದೆವು. ಸದ್ಯಕ್ಕೆ ನಾಲ್ಕು ಮುರಕಲ್ಲು ಒತ್ತಿಟ್ಟು ಬಂದೆವು.