ವರ್ಣದ ನೋಟ್‌ಬುಕ್: ಆದಿತಾಳದಿಂದ ಅಟತಾಳಕ್ಕೆ

ಕರ್ನಾಟಕ ಸಂಗೀತದ ವರ್ಣಗಳನ್ನು (ಅಭ್ಯಾಸಕ್ಕೂ ಕಛೇರಿಗೂ ಹಾಡುವ ರಚನೆ) ಸ್ವರ ಹಾಕಿ ಬರೆದಿಟ್ಟುಕೊಳ್ಳುವ ಪುಸ್ತಕ ಇದು.

ವಾರ 1: ಮೋಹನ ರಾಗದ ವರ್ಣ, ಆದಿತಾಳ
ಗೆರೆ ಹಾಕಿದ ಉದ್ದ ಪುಸ್ತಕ, ಪೆನ್ಸಿಲ್. ಒಂದು ಆವರ್ತಕ್ಕೆ (ತಾಳದ ಒಂದು ಸುತ್ತು) ಎರಡು ಸಾಲು: ಮೇಲೆ ಲಘುವಿನ (ತಾಳದ ಮೊದಲ ಭಾಗ, ಇಲ್ಲಿ 4 ಎಣಿಕೆ) 16 ಸ್ವರ, ಕೆಳಗೆ ಎರಡು ದ್ರುತಗಳ (2 ಎಣಿಕೆಯ ಭಾಗ) 8+8. ಪ್ರತಿ ಸ್ವರಸಾಲಿನ ಮೇಲೆ ಒಂದು ಗೆರೆ ಗಮಕಕ್ಕೆ (ಸ್ವರದ ಅಲುಗಾಟ, ಜಾರು) ಖಾಲಿ, ಅಡಿಯಲ್ಲಿ ಒಂದು ಗೆರೆ ಸಾಹಿತ್ಯಕ್ಕೆ. ಸ್ವರವನ್ನು ಗೆರೆಗೆ ತಾಗಿಸಿ ಬರೆದರೆ ಮಂದ್ರಸ್ಥಾಯಿಯ ಚುಕ್ಕೆ (ತಗ್ಗಿನ ಸ್ವರದ ಅಡಿಯಲ್ಲಿ ಇಡುವುದು) ಅದರಲ್ಲೇ ಮುಳುಗುತ್ತದೆ; ಕೊಂಚ ಮೇಲಕ್ಕೆತ್ತಿ ಬರೆಯಬೇಕು.

ವಾರ 2: ಎಣಿಕೆ
ಪ್ರತಿ ಅಕ್ಷರಕಾಲಕ್ಕೆ (ತಾಳದ ಒಂದು ಎಣಿಕೆ; ಚಿಕ್ಕದಾಗಿ ‘ಅಕ್ಷರ’) 4 ಮಾತ್ರೆ ಕೂಡಲೇಬೇಕು. ಹ್ರಸ್ವ 1, ದೀರ್ಘ 2, ಅಲ್ಪವಿರಾಮ 1, ಅರ್ಧವಿರಾಮ 2. ‘ಗಾ ರಿ ಸ’ ಸರಿ, ‘ಗಾ , ರಿ’ ಕೂಡ ಸರಿ. ಸಾಲಿನಲ್ಲಿ 17 ಬಂದರೆ ಮೊದಲು ನೋಡಬೇಕಾದ್ದು ದೀರ್ಘಗಳನ್ನು: ‘ಗ ,’ ಆಗಬೇಕಾದಲ್ಲಿ ‘ಗಾ ,’ ಬಿದ್ದಿರುತ್ತದೆ.
ಪಾಠದ ಹೊತ್ತಿನಲ್ಲಿ ಇಡೀ ಸಾಲು ಬರೆಯಲು ಹೋದರೆ ಕಿವಿ ಮುಚ್ಚಿದಂತೆಯೇ. ಆಗ ಬರೆಯುವುದು ಎರಡನ್ನೇ: ಗುರುಗಳು ತಿದ್ದಿದ ಸ್ವರ, ತಾಳ ಜಾರಿದ ಜಾಗ. ಉಳಿದದ್ದು ರೆಕಾರ್ಡಿಂಗ್ ಕೇಳಿ, ಅದೇ ಸಂಜೆ.

ವಾರ 4: ಗಮಕ
ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ (1904) ಬೇರೆ ಬೇರೆ ಗಮಕಕ್ಕೆ ಬೇರೆ ಬೇರೆ ಚಿಹ್ನೆಯಿದೆ. ಇಲ್ಲಿಗೆ ಮೂರೇ ಸಾಕು: ಕಂಪಿತಕ್ಕೆ (ಸ್ವರವನ್ನು ಅಲುಗಿಸುವುದು) ಅಲೆಗೆರೆ, ಏರುಜಾರಿಗೆ /, ಇಳಿಜಾರಿಗೆ \. ಎಲ್ಲವನ್ನೂ ಹಾಕಿದರೆ ಪುಟ ಓದಲಾಗದು, ಹಾಡುವುದಂತೂ ದೂರ.
ಎರಡನೇ ಕಾಲಕ್ಕೆ (ಇಮ್ಮಡಿ ವೇಗ, ಅಕ್ಷರಕ್ಕೆ 8 ಸ್ವರ) ಪ್ರತಿ 8 ಸ್ವರಕ್ಕೊಂದು ಕೆಂಪು ಗೀಟು. 16ರ ಸಾಲಿಗೆ ಸರಿಯಾಗಿ ಎರಡು.

ವಾರ 7: ಭೈರವಿ ರಾಗದ ವರ್ಣ, ಅಟತಾಳ
ಎರಡು ಲಘು, ಎರಡು ದ್ರುತ: 5+5+2+2, ಒಟ್ಟು 14 ಅಕ್ಷರ, 56 ಸ್ವರ. 16ರ ಸಾಲು ಇಲ್ಲಿ ನಡೆಯುವುದಿಲ್ಲ. 20, 20, 16 ಎಂದು ಮೂರು ಸಾಲು. ಆರೋಹಣದಲ್ಲಿ ಚತುಶ್ರುತಿ ಧೈವತ (ಎತ್ತರದ ‘ದ’), ಅವರೋಹಣದಲ್ಲಿ ಶುದ್ಧ (ತಗ್ಗಿನದು). ಹಾಗಾಗಿ ಸಂಶಯ ಬರುವ ಪ್ರತಿ ‘ದ’ದ ಪಕ್ಕ 2 ಅಥವಾ 1.
ಎರಡನೇ ಕಾಲದಲ್ಲಿ ಕೆಂಪು ಗೀಟು ಕೈಕೊಟ್ಟಿತು. 20ನ್ನು 8 ಭಾಗಿಸದು, ಗೀಟು ಸಾಲು ದಾಟಿ ಬೀಳುತ್ತದೆ. ಬರೆದ ಒಂದು ಆವರ್ತ 7 ಅಕ್ಷರದಲ್ಲೇ ಮುಗಿದು, ಮುಂದಿನದು ಎರಡನೇ ಲಘುವಿನ ಮೂರನೇ ಎಣಿಕೆಯಲ್ಲಿ ಹುಟ್ಟುತ್ತದೆ. ಬೇರೆ ಪುಟವೇ ಬೇಕಾಯಿತು: ಸಾಲಿಗೆ 8 ಸ್ವರದ 7 ಮನೆ. ಬೆಸ ಸಾಲಿನಲ್ಲಿ 5+2, ಸಮ ಸಾಲಿನಲ್ಲಿ 3+2+2ಕ್ಕೆ ದಪ್ಪ ಗೀಟು. ಪುಸ್ತಕ ಅಡ್ಡ ಹಿಡಿದರೆ 56 ಹಿಡಿಸುತ್ತದೆ.

ಬಾಕಿ: ಚರಣದ (ವರ್ಣದ ಉತ್ತರಾರ್ಧದ ಸಾಲು) ಎತ್ತುಗಡೆ ಸ್ವರಗಳನ್ನು (ಅದರ ಬೆನ್ನಿಗೆ ಬರುವ ಸ್ವರಗುಚ್ಛ) ಈ ಮನೆಗಳಿಗೆ ಇಳಿಸುವುದು.